ಕೆಂಪು ದೀಪಕ್ಕ ನಾಚಿದ ವಾರ್ಡು

ಸಿಟ್ಟು ನನಗ ಮೂಗಿನ ತುದಿ ಮ್ಯಾಲೆ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರ ನನ್ನ ಸಿಟ್ಟು ಬಿಟ್ಟು ಸೋನುಬಾಯಿ ಸುದ್ದಿ ಹೇಳಾಕ ಬರೂದಿಲ್ಲ. ನಾ ನೂರೀನ್. ಬಸವಕಲ್ಯಾಣದ ಒಂದು ಖಾಸಗಿ ದವಾಖಾನ್ಯಾಗ ಹೆಂಗಸರ ವಾರ್ಡಿನ ಹೆಡ್ ಸಿಸ್ಟರ್. ಸೋನುಬಾಯಿ ಅದೇ ವಾರ್ಡಿನ ಆಯಾ.

ಅಕಿದು ಘಾಟಬೋರಾಳ. ವಯಸ್ಸಿನಾಗೆಲ್ಲಾ ತೊಗರಿ ಹೊಲದಾಗ ಕೂಲಿ ಮಾಡಿದಾಕಿ. ಒಮ್ಮೆ ಅವರತ್ತಿ ಜಡ್ಡಾಗಿ ನಮ್ಮಲ್ಲಿ ಮಲಗಿದ್ಲು. ಅತ್ತಿ ನೋಡ್ಕೊಳ್ಳಾಕ ಬಂದ ಸೋನುಬಾಯಿ ಬಾಜೂ ಖಾಟಿನವರಿಗೂ ತಲಿ ಬಾಚಿದ್ಲು, ಗಂಜಿ ಕುಡಿಸಿದ್ಲು. ಅತ್ತಿ ಆರಾಮಾಗಿ ಮನಿಗೆ ಹೋದ್ಲು, ಸೊಸಿ ಇಲ್ಲೇ ಕೆಲಸಕ್ಕ ನಿಂತಳು. ಈಗೂ ದಿನಾ ಗಂಡ ಮಚ್ಚೇಂದ್ರ ಹುಮನಾಬಾದ ಬಸ್‌ಸ್ಟ್ಯಾಂಡ್ ತನಕ ಗಾಡಿ ಮ್ಯಾಲೆ ತಂದು ಬಿಡ್ತಾನ, ಅಲ್ಲಿಂದ ಬಸ್ಸು. ಬಂದಾಕಿನೇ ರೊಟ್ಟಿ ಗಂಟು, ನೀಲಿ ಬಣ್ಣದ ನೀರಿನ ಬಾಟ್ಲಿ ಎರಡೂ ಕಿಡಕ್ಯಾಗ ಇಟ್ಟು ಸೆರಗು ಸಿಗಿಸ್ತಾಳ. ಊರಾಗ ಅಕಿ ದನಿ ಮೂರು ಓಣಿಗೆ ಕೇಳ್ತದಂತ. ವಾರ್ಡಿಗೆ ಕಾಲಿಟ್ಟಳಂದ್ರ ಬೆಕ್ಕಿನ ಹೆಜ್ಜಿ.

ನಮ್ಮ ಕಡೆ ಹೆಂಗಸರು ಹೊರಗಿನ ಗಂಡಸರು ಕುಂತಿದ್ದಾಗ ಬಾಯಿ ತಗದು ಯಾರನ್ನೂ ಕೂಗೂದಿಲ್ಲ. ಪಡಸಾಲ್ಯಾಗ ಮಂದಿ ಇದ್ರ ಒಳಗಿಂದ ಬಳಿ ಸಪ್ಪಳ ಮಾಡ್ತಾರ, ಕರದಾಂಗಾತು. ವಾರ್ಡಿಗೆ ಬಂದ್ರೂ ಅದೇ ರೂಢಿ. ಖಾಟಿನ ಕಬ್ಬಿಣಕ್ಕ ಬಳಿ ತಾಗಿಸಿ ಟಿಕ್ ಟಿಕ್ ಅನಿಸಿದ್ರು ಅಂದ್ರ ಸೋನುಬಾಯಿ ಹೋಗಿ ಬಗ್ಗಿ ಕೇಳ್ತಿದ್ಲು. ಪರದೆ ಎಳದು, ಸೆರಗಿನ ಮರಿಗೆ ಬೆಡ್‌ಪ್ಯಾನ್ ಒಯ್ದು ತರ್ತಿದ್ಲು. ಬಾಜೂದಾಕಿಗೂ ಗೊತ್ತಾಗ್ತಿರಲಿಲ್ಲ.

ನನಗ ಈ ಬಳಿ ದರ್ಬಾರು ಸೇರ್ತಿರಲಿಲ್ಲ. ಸೋನುಬಾಯಿ ಔಷಧ ತರಾಕ ಕೆಳಗ ಹೋಗಿದ್ರ? ಉಸಿರು ಸಿಕ್ಕೊಂಡಾಕಿ ಬಳಿ ಬಾರಿಸ್ಕೋತ ಇರಬೇಕೇನು? ಮಾಲಕರ ಬೆನ್ನು ಹತ್ತಿ, ಜೀವ ತಿಂದು, ಕಡೀಗೆ ಕಾಲ್‌ಬೆಲ್ ಹಾಕಿಸಿದೆ. ಪ್ರತಿ ಖಾಟಿಗೂ ವಾಯರಿನ ತುದಿಗೆ ಒಂದು ಬಟನ್. ಒತ್ತಿದ್ರ ನಮ್ಮ ಟೇಬಲ್ ಮ್ಯಾಲೆ ಟಿಂಗ್‌ಟಾಂಗ್ ಅಂತದ, ಬೋರ್ಡಿನಾಗ ಖಾಟಿನ ನಂಬರ್ ಬರ್ತದ, ಆ ಖಾಟಿನ ಮ್ಯಾಲೆ ಕೆಂಪು ದೀಪ ಹತ್ತತದ. ನಾವು ಖಾಟಿನ ತನಕ ಹೋಗಿ ಆರಿಸೂತನಕ ಅದು ಆರೂದಿಲ್ಲ. ಇನ್ನ ಯಾರೂ ಬಳಿ ಬಾರಿಸಬ್ಯಾಡ್ರಿ, ಬಟನ್ ಒತ್ರಿ ಅಂತ ಎಲ್ಲಾರಿಗೂ ತಾಕೀತು ಮಾಡಿದೆ. ಸೋನುಬಾಯಿಗೂ ಬೋರ್ಡಿನ ಹತ್ರನೇ ಸ್ಟೂಲ್ ಹಾಕಿ ಕುಂದರಿಸಿದೆ.

ಏನು ಶಾಂತಿ ಅಂತೀರಿ! ಬೆಲ್ಲು ಹೊಡೀವಲ್ದು. ಒಂದಿನ ಆತು, ಎರಡು ದಿನ ಆತು. ಮಶೀನ್ ಕೆಟ್ಟದ ಅಂತ ಹುಮನಾಬಾದಿನಿಂದ ಅದನ್ನ ಕೂಡಿಸಿದ ಗಯಾಸುದ್ದೀನನ್ನ ಮತ್ತ ಕರಸಿದೆ. ಅವ ಒಂದೊಂದು ಖಾಟಿನ ಬಟನ್ ಒತ್ತಿ ನೋಡಿದ, ಎಲ್ಲಾ ಟಿಂಗ್‌ಟಾಂಗ್ ಅಂದವು.

"ನೂರೀನ್ ಬಾಜಿ, ಮಶೀನ್ ಬರೋಬ್ಬರಿ ಅದರಿ. ನಿಮ್ಮ ಮಂದಿನೇ ಒತ್ತವಲ್ರು," ಅಂದು ಚಾ ಕುಡದು ಹೋದ.

ಆ ಹೊತ್ತಿಗೆ ಕಿಡಕಿ ಕಡಿ ಖಾಟಿನ ಅಂಬುಬಾಯಿಗೆ ಜ್ವರ ಬಂತು. ಚಿಟಗುಪ್ಪದ ಮುದುಕಿ, ಅಂಗಳದಾಗ ಜಾರಿ ಬಿದ್ದು ತೊಡಿ ಎಲುಬು ಮುರ್ಕೊಂಡಿದ್ಲು. ಆಪರೇಷನ್ ಛಲೋ ಆಗಿತ್ತು. ಮೂತ್ರದ ನಳಿಗಿ ತಗದು, ಇನ್ನೇನು ವಾಕರ್ ಹಿಡಿಸಿ ನಿಂದರಿಸಬೇಕು ಅನ್ನೂದ್ರಾಗ ಈ ಜ್ವರ. ಡಾಕ್ಟರ್ ನೋಡಿ, "ಮೂತ್ರದ ಸೋಂಕು. ನೀರು ಕುಡಿಸ್ರಿ. ಹಿಂಗೇ ಮಲಗಿಬಿಟ್ರ ಮುಂದ ಏಳೂದು ಕಠಿಣ," ಅಂದ್ರು.

ನೋಡ್ತೀನಿ, ಅಕಿ ತಂಬಿಗಿ ನೀರು ಕಂಠಮಟ ಹಂಗೇ ಅದ. ನನ್ನ ನೆತ್ತಿಗೇರ್ತು.

"ಆಯಿ! ತೊಡಿಗೆ ಹೊಲಿಗಿ ಹಾಕ್ಯಾರೋ, ಬಾಯಿಗೆ ಹಾಕ್ಯಾರೋ? ನೀರು ಕುಡೀಲಿಕ್ಕೆ ಏನು ಧಾಡಿ?"

ಅಂಬುಬಾಯಿ ಗ್ವಾಡಿ ಕಡಿ ಮಾರಿ ತಿರುವಿದ್ಲು.

ಸೋನುಬಾಯಿ ನನ್ನ ತೋಳು ಹಿಡದು ಹೊರಗ ಕರ್ಕೊಂಡು ಬಂದ್ಲು. "ಬೈಬ್ಯಾಡ್ರಿ ಸಿಸ್ಟರ್. ನೀರು ಕುಡದ್ರ ಒಂದಕ್ಕ ಬರ್ತದ. ಒಂದಕ್ಕ ಬಂದ್ರ ಬಟನ್ ಒತ್ತಬೇಕು. ಒತ್ತಿದ್ರ ತಲಿ ಮ್ಯಾಲೆ ಕೆಂಪು ದೀಪ ಹತ್ತತದ, ಇಡೀ ವಾರ್ಡು ತಿರುಗಿ ನೋಡ್ತದ. ಅಳಿಯ ದಿನಾ ಬಂದು ಎದುರಿಗೇ ಕುಂದರ್ತಾನ. ಅಳಿಯನ ಮುಂದ ಆ ದೀಪ ಹತ್ತಿಸಿಕೊಂಡು ಹ್ಯಾಂಗ ಮಲಗಬೇಕ್ರಿ ಆ ಮುದುಕಿ? ಬಳಿನರೇ ಬಾರಿಸ್ಬೇಕಂದ್ರ, ಆಪರೇಷನ್‌ಗೆ ಅಂತ ಅವನ್ನೂ ತಗಸೀರಿ. ಅಕಿ ಒಬ್ಬಾಕಿನೇ ಅಲ್ಲ, ಎಲ್ಲಾರೂ ಬಿಗಿ ಹಿಡ್ಕೊಂಡು ಮಲಗ್ಯಾರ."

"ಹಂಗಂತ ಬೆಲ್ಲು ಕಿತ್ತು ಒಗೀಲೇನು? ನಾಳೆ ಯಾರಿಗಾದ್ರೂ ಎದಿ ಹಿಡಕೊಂಡ್ರ?"

"ಕೀಳೂದು ಬ್ಯಾಡ್ರಿ. ಮಂದಿ ಬರೂ ಟೈಮಿನಾಗ ನಾ ಒಂದು ಆಟ ಹೂಡ್ತೀನಿ. ನೀವು ಜರಾ ಸಿಟ್ಟು ನುಂಗ್ರಿ."

ಮಧ್ಯಾಹ್ನ ಭೇಟಿ ಟೈಮ್. ಗಂಡಂದ್ರು, ಮೈದುನಂದ್ರು, ಕೈಯಾಗ ಮೋಸಂಬಿ ಚೀಲ ಹಿಡದು ವಾರ್ಡು ತುಂಬ ಕುಂತಾರ. ಅಂಬುಬಾಯಿ ಅಳಿಯನೂ ಕುಂತಾನ. ಟಿಂಗ್‌ಟಾಂಗ್! ಖಾಲಿ ಖಾಟಿನ ನಂಬರ್. ಓಡಿದೆ. ನೋಡಿದ್ರ ಆ ಖಾಟಿನ ಮ್ಯಾಲೆ ಸೋನುಬಾಯಿ ಕಾಲು ಇಳಿಬಿಟ್ಟು ಕುಂತಾಳ, ತಲಿ ಮ್ಯಾಲೆ ಕೆಂಪು ದೀಪ. ಗಂಡಸರೆಲ್ಲಾ ಕತ್ತು ಹೊಳ್ಳಿಸಿ ನೋಡಾಕತ್ತಾರ.

"ಟೈಮ್ ಎಷ್ಟಾತ್ರಿ ಸಿಸ್ಟರ್?" ಅಂದ್ಲು, ಆ ಊರಿನ ದನೀಲೆ.

ಹಲ್ಲು ಕಚ್ಚಿ ಟೈಮ್ ಹೇಳಿ ಬಂದೆ. ಕುಂದರೂದ್ರಾಗ ಮತ್ತ ಟಿಂಗ್‌ಟಾಂಗ್. "ಫ್ಯಾನು ಜರಾ ಜೋರು ಮಾಡ್ರಿ." ಮತ್ತ ಟಿಂಗ್‌ಟಾಂಗ್. "ಕಿಡಕಿ ಹಾಕ್ರಿ, ಬಿಸಲು ಬರಾಕತ್ತದ." ಅಪೆಂಡಿಕ್ಸ್ ಆಪರೇಷನ್ ಆಗಿ ಮಲಗಿದ್ದ ಹುಲಸೂರಿನ ಪೂನಂಗ ನಗು ತಡೀಲಿಲ್ಲ. ಹೊಟ್ಟಿ ಹಿಡ್ಕೊಂಡು ತಾನೂ ಒತ್ತಿದ್ಲು. "ಸಿಸ್ಟರ್, ಚಾರ್ಜರ್ ಕೆಳಗ ಬಿತ್ತು!" ಅಕಿ ಬಾಜೂದಾಕಿಗೆ ದಿಂಬು ಎತ್ತರ ಬೇಕಾತು. ಇನ್ನೊಬ್ಬಾಕಿಗೆ ಚಾದಾಗ ಸಕ್ಕರಿ ಕಡಿಮಿ ಆತು. ಯಾ ಅಲ್ಲಾ, ನನ್ನ ಕಾಲು ಬಿದ್ದುಹೋದವು. ಇವರನ್ನೆಲ್ಲಾ ಒಂದೇ ಸಲ ಡಿಸ್ಚಾರ್ಜ್ ಮಾಡಿಬಿಡಲೇನು ಅನಿಸ್ತು.

ಮೊದಲ ಮೊದಲ ದೀಪ ಹತ್ತಿದಾಗೊಮ್ಮೆ ಗಂಡಸರು ತಿರುಗಿ ನೋಡಿದ್ರು. ಆಮ್ಯಾಲೆ ಅವರಿಗೂ ಬ್ಯಾಸರಾತು. ಮೋಸಂಬಿ ಸುಲೀತಾ, ಫೋನು ಒತ್ತತಾ ತಮ್ಮ ಪಾಡಿಗೆ ತಾವು ಕುಂತ್ರು. ಅಷ್ಟೊತ್ತಿಗೆ ಬೋರ್ಡಿನಾಗ ಕಿಡಕಿ ಕಡಿ ನಂಬರ್ ಬಂತು. ಅಂಬುಬಾಯಿದು.

ಅಳಿಯನ ಕಡಿ ನೋಡಿದೆ. ಅವ ತಲಿ ಎತ್ತಲೇ ಇಲ್ಲ, ಯಾರೋ ಫ್ಯಾನಿಗೆ ಕರದಾರ ಅಂತ ತಿಳ್ಕೊಂಡಿರಬೇಕು. ಸೋನುಬಾಯಿ ಎದ್ದು ಹೋದ್ಲು. ಪರದೆ ಎಳದ್ಲು. ಬೆಕ್ಕಿನ ಹೆಜ್ಜೀಲೆ ಹೋಗಿ ಬೆಕ್ಕಿನ ಹೆಜ್ಜೀಲೆ ಬಂದ್ಲು. ಪರದೆ ಸರಿಸಿದಾಗ ಅಂಬುಬಾಯಿ ತಾನಾಗೇ ತಂಬಿಗಿ ಕಡಿ ಕೈ ಚಾಚಿದ್ಲು. ಗಟಗಟ ಕುಡದ್ಲು. ಖರೆ ಹೇಳ್ತೀನಿ, ಆ ಸಪ್ಪಳ ಕೇಳಿ ನನಗ ಅಳು ಬಂತು.

ಜ್ವರ ಇಳೀತು. ಆ ವಾರದಾಗೇ ಅಂಬುಬಾಯಿ ವಾಕರ್ ಹಿಡದು, ನನಗ ಸಣ್ಣಾಗಿ ಬೈಕೋತ, ಬಾಗಿಲ ತನಕ ನಡದು ಬಂದ್ಲು. ಅವತ್ತು ಸಂಜಿಮುಂದ ಡ್ಯೂಟಿ ಮುಗೀಲಿಕ್ಕೆ ಬಂದಾಗ ಸೋನುಬಾಯಿಗೆ ಕೇಳಿದೆ, "ಅಲ್ಲ, ಅಕಿ ಬಾಯಿ ಬಿಡದನ ನಿನಗ ಹ್ಯಾಂಗ ತಿಳೀತು?"

"ಅದರಾಗೇನದರಿ ತಿಳಿಯೂದು? ತೊಗರಿ ಹೊಲದಾಗ ಸುತ್ತ ಗಂಡಾಳು ಇರ್ತಾರ, ಒಂದಕ್ಕ ಕುಂದರಾಕ ಮರಿ ಅನ್ನೂದು ಇರೂದಿಲ್ಲ. ಮುಂಜಾನೆ ಹೋದ್ರ ಹೊತ್ತು ಮುಳಗೂತನಕ ನಾವು ಹೆಂಗಸರು ನೀರು ಕುಡೀತಿರಲಿಲ್ಲ. ನಮ್ಮವ್ವ ಕಲಿಸಿದ್ಲು." ನಕ್ಕೋತ ರೊಟ್ಟಿ ಅರವಿ ಝಾಡಿಸಿ ಮಡಚಿದ್ಲು.

ಕಿಡಕ್ಯಾಗ ಅಕಿ ನೀಲಿ ಬಾಟ್ಲಿ ಇತ್ತು. ಮುಂಜಾನೆ ಹ್ಯಾಂಗ ತಂದಿದ್ಲೋ ಹಂಗೇ ತುಂಬಿತ್ತು.

"ಇದೇನಿದು? ಈಗೇನು ಹೊಲದಾಗ ಇದ್ದೀ?"

"ನಾ ಒಂದಕ್ಕ ಎದ್ದು ಹೋದಾಗೇ ಯಾರಿಗಾದ್ರೂ ಅವಸರ ಆದ್ರ, ಸಿಸ್ಟರ್? ರೂಢಿ ಆಗ್ಯಾದ ಬಿಡ್ರಿ."

ಎಷ್ಟು ವರ್ಷದಿಂದ ಆ ಬಾಟ್ಲಿ ದಿನಾ ನೋಡ್ತೀನಿ ನಾನು! ನನ್ನ ಹಾಳು ಸಿಟ್ಟು ಬಂತು. ಮುಚ್ಚಳ ತಗದು ಅಕಿ ಕೈಗೆ ಕೊಟ್ಟೆ. "ಕುಡಿ. ನನ್ನ ಎದುರಿಗೇ ಕುಡಿ."

ಅರ್ಧ ಕುಡದಿದ್ಲು, ಟಿಂಗ್‌ಟಾಂಗ್. ಅಂಬುಬಾಯಿ ನಂಬರ್. ಸೋನುಬಾಯಿ ಬಾಟ್ಲಿ ಇಟ್ಟು ಏಳಾಕ ಹೋದ್ಲು. ಹೆಗಲು ಹಿಡದು ಕುಂದರಿಸಿದೆ.

"ಪೂರಾ ಕುಡದು, ನಿನ್ನ ಕೆಲಸ ಮುಗಿಸಿಕೊಂಡು ಬಾ. ಅಲ್ಲೀತನಕ ಬೋರ್ಡು ನಂದು."

ಹೆಡ್ ಸಿಸ್ಟರ್ ಆದ ಮ್ಯಾಲೆ ನಾ ಬೆಡ್‌ಪ್ಯಾನ್ ಮುಟ್ಟಿದ್ದಿಲ್ಲ. ಅವತ್ತು ಸೋನುಬಾಯಿ ಹಾಂಗ ದುಪಟ್ಟಾದ ಮರಿಗೆ ಹಿಡದು ಹೋಗಿ ಪರದೆ ಎಳದೆ. ಅಂಬುಬಾಯಿ ನನ್ನ ಮಾರಿ ನೋಡಿದ್ಲು, ಕೈಯಾಗಿನ ಬೆಡ್‌ಪ್ಯಾನ್ ನೋಡಿದ್ಲು.

"ಅಯ್ಯ ಯವ್ವಾ, ಅದು ಬ್ಯಾಡ. ಟೈಮ್ ಎಷ್ಟಾತು ಕೇಳಬೇಕಂತ ಒತ್ತಿದ್ನಿ," ಅಂದ್ಲು.

ಟೈಮ್ ಹೇಳಿ, ದೀಪ ಆರಿಸಿ ಬಂದೆ. ಸ್ಟೂಲಿನ ಮ್ಯಾಲೆ ಬಾಟ್ಲಿ ಖಾಲಿ ಇತ್ತು. ಸೋನುಬಾಯಿ ಇನ್ನಾ ಬಂದಿರಲಿಲ್ಲ. ಬರಲಿ ಸಾವಕಾಶ ಅಂತ ಅಕಿ ಜಾಗಾದಾಗ ಕುಂತೆ.