ಡಬ್ಬಿ ಎಂಬ ಒತ್ತಕ್ಷರ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನನಗೆ ಇವೆರಡೂ ಬರುವುದಿಲ್ಲ. ಊಟ ಬಾರದ್ದಕ್ಕೆ ನನ್ನ ಸೊಂಟವೇ ಸಾಕ್ಷಿ. ಪ್ರತಿ ದೀಪಾವಳಿಗೂ ರವಿಕೆಯ ಹೊಲಿಗೆ ಬಿಚ್ಚಿಸಿ ಸಡಿಲ ಮಾಡಿಸಿಕೊಳ್ಳುವ ನನಗೆ ರಾಣೆಬೆನ್ನೂರಿನ ನಮ್ಮ ದರ್ಜಿ, “ಅಕ್ಕಾರ, ಇನ್ನ ಬಿಚ್ಚಾಕ ಒಳಗ ಅರಿವಿ ಉಳಿದಿಲ್ರಿ” ಎಂದು ಕೈಮುಗಿದುಬಿಟ್ಟಿದ್ದಾನೆ. ಮಾತು ಬಾರದ್ದಕ್ಕೆ ಸಾಕ್ಷಿ ಬೇಕೆಂದರೆ ಹೋದ ಸಂಕ್ರಾಂತಿಯ ವಾರದ ಕಥೆಯನ್ನೇ ಹೇಳಬೇಕು. 

ನಾನು ದಿನಾ ರಾಣೆಬೆನ್ನೂರಿನಿಂದ ಬ್ಯಾಡಗಿಗೆ ಹೋಗಿ ಬಂದು ಮಾಡುವ ಎರಡನೆಯ ತರಗತಿಯ ಅಕ್ಕೋರು. ಸಂಕ್ರಾಂತಿಯ ಹೊತ್ತಿಗೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಹಂಗಾಮು ಜೋರು. ಗಾಳಿ ಮಾರುಕಟ್ಟೆಯ ಕಡೆಯಿಂದ ಬೀಸಿತೆಂದರೆ ನಮ್ಮ ಹಾಜರಿಯೂ ಸೀನಿನಲ್ಲೇ ನಡೆಯುತ್ತದೆ. ಹೆಸರು ಕೂಗಿದರೆ “ಹಾಜರ್ರಿ” ಅನ್ನುವ ಬದಲು “ಆಕ್ಷೀ” ಅನ್ನುತ್ತಾರೆ. ನಾನೂ ಟಿಕ್ ಹಾಕಿಕೊಳ್ಳುತ್ತೇನೆ. ಸೀನಬೇಕೆಂದರೆ ಮಗು ಇರಲೇಬೇಕಲ್ಲ!

ಆ ಸೋಮವಾರ ಪಾಠವಿದ್ದದ್ದು ಸಜಾತೀಯ ಒತ್ತಕ್ಷರ. ಅಕ್ಷರದ ಕೆಳಗೆ ಅದೇ ಅಕ್ಷರ ಕೂತರೆ ಸಜಾತೀಯ. ಶನಿವಾರ ಸುಗ್ಗಿಯ ವೇಷಗಳ ಕಾರ್ಯಕ್ರಮ. ಮಕ್ಕಳು ಒಬ್ಬೊಬ್ಬರೂ ಒಂದೊಂದು ಬೆಳೆಯಾಗಿ ಬರಬೇಕು. ಎರಡನ್ನೂ ಒಂದೇ ಏಟಿಗೆ ಮುಗಿಸುವ ಜಾಣತನ ನನ್ನದು. ಬೋರ್ಡಿನ ಮೇಲೆ ‘ಹತ್ತಿ’ ಎಂದು ಬರೆದು ಒಬ್ಬನನ್ನು ಹತ್ತಿ ಮಾಡಿದೆ. ಆಮೇಲೆ ‘ಕಡ್ಡಿ’, ‘ಡಬ್ಬಿ’ ಎಂದು ಬರೆದೆ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಇವೆರಡು ಜಾತಿ: ಉದ್ದಕ್ಕೆ, ಸಣ್ಣಗೆ ಇರುವುದು ಕಡ್ಡಿ, ಗಿಡ್ಡಕ್ಕೆ, ಗುಂಡಗೆ ಇರುವುದು ಡಬ್ಬಿ. ಊರಿನ ಹೆಮ್ಮೆ, ಒತ್ತಕ್ಷರಕ್ಕೂ ಸರಿ ಎಂದು ಹಿಗ್ಗಿ, ತೆಳ್ಳಗಿನ ಕಾವ್ಯಾಳನ್ನು ನೋಡಿ “ನೀನು ಕಡ್ಡಿ” ಅಂದೆ. ಅವಳ ಪಕ್ಕದಲ್ಲಿ ಕೂತಿದ್ದ ಭೂಮಿಕಾಳನ್ನು ನೋಡಿ “ನೀನು ಡಬ್ಬಿ” ಅಂದುಬಿಟ್ಟೆ.

ಭೂಮಿಕಾ ದುಂಡು ಮುಖದ, ದುಂಡು ಕೈಯ ಹುಡುಗಿ.  ಹಿಂದಿನಿಂದ ಒಬ್ಬ “ಡಬ್ಬಿ!” ಎಂದ. ಇಡೀ ಕೋಣೆ “ಡಬ್ಬಿ, ಡಬ್ಬಿ” ಎಂದು ನಕ್ಕಿತು. ಸುಳ್ಳೇಕೆ ಹೇಳಲಿ, ನಾನೂ ನಕ್ಕೆ. ಅವಳು ತಲೆ ತಗ್ಗಿಸಿ ಪಾಟಿಯ ಮೇಲೆ ಬರೆದಿದ್ದ ಶಬ್ದವನ್ನು ಬೆರಳಿನಿಂದ ಒರೆಸಿದಳು.

ಡಬ್ಬಿ ಎಂಬುದು ನಮ್ಮ ಕಡೆ ಬಹಳ ದುಡಿಯುವ ಶಬ್ದ. ರೊಟ್ಟಿ ಕಟ್ಟಿಕೊಳ್ಳುವುದೂ ಡಬ್ಬಿ, ರೈಲಿಗೆ ಜೋಡಿಸುವುದೂ ಡಬ್ಬಿ, ದೇವರ ಮುಂದೆ ಕಾಣಿಕೆ ಹಾಕುವುದೂ ಡಬ್ಬಿ. ಎಲ್ಲಿಂದಲೋ ಬಂದು ನಮ್ಮ ಮನೆಯದೇ ಆಗಿಹೋದ ಇಂಥ ಶಬ್ದಗಳನ್ನು ನಾವು ಬೆಲೆ ನೋಡದೆ ಬಳಸುತ್ತೇವೆ. ಏಳು ವರ್ಷದ ಹುಡುಗಿಗೆ ಅದನ್ನು ಹೆಸರಾಗಿ ಅಂಟಿಸಿದರೆ ಏನಾಗುತ್ತದೆ ಎಂಬುದು ಮಾತ್ರ ಡಿ.ಎಡ್. ಪುಸ್ತಕದಲ್ಲಿ ಇರಲಿಲ್ಲ. ಇದ್ದರೂ ನಾನು ಆ ಪುಟ ಹಾರಿಸಿರಬೇಕು.

ಮಂಗಳವಾರ ಬಿಸಿಯೂಟದಲ್ಲಿ ಗೊತ್ತಾಯಿತು. ದಿನಾ ಎರಡನೆಯ ಸಲ ತಟ್ಟೆ ಹಿಡಿದು “ಇನ್ನೊಂದೀಟ ಹಾಕ್ರಿ” ಎನ್ನುವವಳು ಮೊದಲ ಸಲವೇ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು “ಸಾಕ್ರಿ” ಅಂದಳು. ಸೌಟು ಹಿಡಿದ ಅಡುಗೆಯ ಅಕ್ಕ ನನ್ನ ಮುಖ ನೋಡಿದಳು. ನನ್ನ ಡಬ್ಬಿಯಲ್ಲಿದ್ದ ರೊಟ್ಟಿ ಅವತ್ತು ಹಾಗೇ ಮನೆಗೆ ವಾಪಸಾಯಿತು.

ಬುಧವಾರ ಅವಳು ಬರಲಿಲ್ಲ. ನೆಗಡಿಯಿರಬಹುದು ಎಂದುಕೊಂಡೆ. ಗುರುವಾರವೂ ಬರಲಿಲ್ಲ. “ಭೂಮಿಕಾ ಯಾಕ ಬಂದಿಲ್ಲವಾ?” ಎಂದು ಕಾವ್ಯಾಳನ್ನು ಕೇಳಿದರೆ, “ಆಕಿ ಇನ್ನ ಸಾಲಿಗೆ ಬರಂಗಿಲ್ಲಂತ್ರಿ” ಎಂದು ಪೆನ್ಸಿಲ್ ಚೂಪು ಮಾಡುತ್ತಾ ಹೇಳಿದಳು.  ಮಕ್ಕಳು ಸಾಲಿ ಬಿಡುವುದಕ್ಕೆ ಮೇಲಿನವರು ಎಷ್ಟೋ ಕಾರಣಗಳ ಪಟ್ಟಿ ಮಾಡಿರುತ್ತಾರೆ; ಅದರಲ್ಲಿ ‘ಅಕ್ಕೋರ ನಾಲಿಗೆ’ ಎಂಬ ಕಾಲಮ್ಮು ಇಲ್ಲ.

ಸಂಜೆ ಅವರ ಮನೆ ಹುಡುಕಿಕೊಂಡು ಹೋದೆ. ಅವಳ ಅಜ್ಜಿ ನೀಲವ್ವ ಕಟ್ಟೆಯ ಮೇಲೆ ಮೆಣಸಿನಕಾಯಿ ರಾಶಿಯ ಮುಂದೆ ಕೂತು ತೊಟ್ಟು ಬಿಡಿಸುತ್ತಿದ್ದರು. ನಲವತ್ತು ವರ್ಷದಿಂದ ಅದೇ ಕೆಲಸ. ಅವರು ಬಯ್ದಿದ್ದರೆ ನನಗೆ ಹಗುರವಾಗುತ್ತಿತ್ತು.

“ಬರ್ರಿ ಅಕ್ಕೋರ, ಕುಂದ್ರಿ” ಎಂದರು. “ನಮ್ಮ ಹುಡುಗಿಗೆ ನಾ ಹೇಳಾಕತ್ತೇನ್ರಿ, ಡಬ್ಬಿ ಅಂದ್ರ ಸಣ್ಣ ಮಾಲಲ್ಲವಾ, ಬಣ್ಣ ಎಲ್ಲಾ ಅದರಾಗ ಐತಿ ಅಂತ. ಕೇಳವಲ್ಲದು. ಮೂರು ದಿನದಿಂದ ಅರ್ಧಾ ರೊಟ್ಟಿ ತಿಂದು ಏಳತೈತಿ.”

ಬಾಗಿಲ ಮರೆಯಲ್ಲಿ ಎರಡು ಪುಟ್ಟ ಪಾದಗಳು ಕಾಣುತ್ತಿದ್ದವು. ತಪ್ಪಾಯಿತು ಅನ್ನಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದು ಬೇರೆಯೇ: “ಶನಿವಾರ ಬಾರವಾ. ನಿನಗ ಬೇಕಾದ ವೇಷ ಹಾಕ್ಕೊಂಡ ಬಾ.” ಪಾದಗಳು ಒಳಗೆ ಸರಿದವು. ಬೇಡವಾದಾಗ ಹರಿಯುವ ನಾಲಿಗೆ ಬೇಕಾದಾಗ ಮುಷ್ಕರ ಹೂಡುತ್ತದೆ, ಏನು ಮಾಡುವುದು?

ಶುಕ್ರವಾರವೂ ಅವಳ ಜಾಗ ಖಾಲಿ. ಬೋರ್ಡಿನ ಮೂಲೆಯಲ್ಲಿ ಯಾರೋ ಉಳಿಸಿದ್ದ ‘ಡಬ್ಬಿ’ ಕಣ್ಣಿಗೆ ಬಿದ್ದು, ಸೆರಗಿನಿಂದಲೇ ಒರೆಸಿದೆ.

ಶನಿವಾರ ಅಂಗಳದ ತುಂಬ ಬೆಳೆ. ಜೋಳ, ಹತ್ತಿ, ಕುಸುಬಿ. ಗೋವಿನಜೋಳವಾಗಿದ್ದವನು ತನ್ನ ಕಾಗದದ ಸಿಪ್ಪೆ ತಾನೇ ಕಿತ್ತುಕೊಂಡು ಅಳುತ್ತಿದ್ದ. ನನ್ನ ಕಣ್ಣು ಗೇಟಿನ ಮೇಲೆ. ಪ್ರಾರ್ಥನೆ ಮುಗಿಯಿತು, ಅವಳಿಲ್ಲ. ಹೆಡ್ ಮಾಸ್ತರರ ಭಾಷಣ ಶುರುವಾಯಿತು, ಅವಳಿಲ್ಲ. ಆ ಭಾಷಣ ಎಂದೂ ಬೇಗ ಮುಗಿಯುವುದಿಲ್ಲ. ಮೊದಲ ಬಾರಿಗೆ ಅದಕ್ಕಾಗಿ ದೇವರಿಗೆ ಕೈಮುಗಿದೆ.

ಭಾಷಣ ಮುಗಿಯುವಷ್ಟರಲ್ಲಿ ಅಜ್ಜಿಯ ಕೈ ಹಿಡಿದು ಬಂದಳು. ತಲೆಗೆ ಬಿಳಿ ಟೋಪಿ, ಹೆಗಲಿಗೆ ಟವೆಲ್, ಕಿವಿಯ ಮೇಲೆ ಪೆನ್ನು. ಮಾರುಕಟ್ಟೆಯಲ್ಲಿ ಮಾಲು ನೋಡಿ ಬೆಲೆ ಕಟ್ಟುವ ದಲಾಲರ ವೇಷ! ಕೈಯಲ್ಲೊಂದು ದೊಡ್ಡ ಚೀಲ. ನೆಟ್ಟಗೆ ನನ್ನ ಹತ್ತಿರ ಬಂದು ಚೀಲ ಚಾಚಿದಳು.

“ಅಕ್ಕೋರ, ಇದನ್ನ ನೀವ ಹಾಕ್ಕೋರಿ. ನಿಮಗ ಬರೋಬ್ಬರಿ ಆಗತೈತಿ. ನಮ್ಮ ಅಜ್ಜಿಗೆ ಹೇಳಿ ದೊಡ್ಡದ ಹೊಲಸೇನಿ.”

ಒಳಗಿದ್ದದ್ದು ಹಳೆಯ ಕೆಂಪು ಸೀರೆಯಲ್ಲಿ ಹೊಲಿದ, ಗುಂಡನೆಯ, ನೆರಿಗೆ ನೆರಿಗೆಯ ಡಬ್ಬಿ ಮೆಣಸಿನಕಾಯಿ. ಮೇಲೆ ಹಸಿರು ಬಟ್ಟೆಯ ತೊಟ್ಟು. ಜನ್ಮವಿಡೀ ತೊಟ್ಟು ಬಿಡಿಸಿದ ನೀಲವ್ವ ಇದೊಂದಕ್ಕೆ ಮಾತ್ರ ತೊಟ್ಟು ಹಚ್ಚಿದ್ದರು. ಪಾಲಕರು, ಹೆಡ್ ಮಾಸ್ತರರು, ಇಡೀ ಸಾಲಿ ನೋಡುತ್ತಿತ್ತು. ಭೂಮಿಕಾ ಕಣ್ಣು ಮಿಟುಕಿಸದೆ ಕಾಯುತ್ತಿದ್ದಳು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಅವಳಿಗೂ ಸೋಮವಾರ ಹೀಗೇ ಆಗಿರಬೇಕು. ತಲೆಯ ಮೇಲಿಂದ ಹಾಕಿಕೊಂಡೆ. ನಿಜಕ್ಕೂ ಬರೋಬ್ಬರಿ ಆಯಿತು, ದರ್ಜಿಯ ಆಣೆ!

ಅಂಗಳ ಬಿದ್ದು ಬಿದ್ದು ನಕ್ಕಿತು. ದಲಾಲರು ನಗಲಿಲ್ಲ. ನನ್ನ ಸುತ್ತ ಒಂದು ಸುತ್ತು ಹಾಕಿ, ತೋಳು ಒತ್ತಿ ನೋಡಿ, ಮೂಸಿ, ಕಿವಿಯ ಮೇಲಿನ ಪೆನ್ನು ತೆಗೆದು ಗಟ್ಟಿಯಾಗಿ ಹೇಳಿದರು:

“ಡಬ್ಬಿ ಮಾಲು. ಬಣ್ಣ ಚಲೋ ಐತಿ. ಖಾರ ಅಷ್ಟೇನಿಲ್ಲ.”

ನೀಲವ್ವ ಸೆರಗು ಬಾಯಿಗೊತ್ತಿಕೊಂಡರು. ನಾನೂ ನಕ್ಕೆ, ಕಣ್ಣಲ್ಲಿ ನೀರಿತ್ತು, ಅದನ್ನು ಮೆಣಸಿನಕಾಯಿ ಗಾಳಿಯ ಮೇಲೆ ಹಾಕಿಬಿಟ್ಟೆ.

ಆಮೇಲೆ ಸಂಕ್ರಾಂತಿಯ ಊಟ. ಗೋಧಿ-ಬೆಲ್ಲದ ಮಾದಲಿ ಬಡಿಸುವ ಪಾಳಿ ನನ್ನದು, ಮೆಣಸಿನಕಾಯಿಯ ವೇಷದಲ್ಲೇ. ಭೂಮಿಕಾಳ ತಟ್ಟೆಯ ಮುಂದೆ ಬಂದೆ. ಎಲ್ಲಿ ಕೈ ಅಡ್ಡ ಹಿಡಿಯುತ್ತಾಳೋ ಎಂದು ಹೆದರಿ ಅರ್ಧ ಚಮಚ ಹಾಕಿ, ಬಗ್ಗಿ ಅವಳ ಕಿವಿಯಲ್ಲಿ, “ತಪ್ಪಾತವಾ, ಅವತ್ತ ನಾ ಹಂಗ ಅನ್ನಬಾರದಿತ್ತು” ಅಂದೆ.

ಅವಳು ಒಮ್ಮೆ ನನ್ನ ಮುಖ ನೋಡಿದಳು, ಒಮ್ಮೆ ತಟ್ಟೆ ನೋಡಿದಳು.

“ಆಗಲಿ ಬಿಡ್ರಿ ಅಕ್ಕೋರ. ಇನ್ನೊಂದೀಟ ಹಾಕ್ರಿ. ತುಪ್ಪಾನೂ ಹಾಕ್ರಿ.”