ಕಾಫಿಯ ಮೊಳೆ

ನಾನು ಹಟಮಾರಿ. ಅಮ್ಮ ಇದನ್ನು ದೂರಿನ ಹಾಗೆ ಹೇಳುತ್ತಾಳೆ, ನಾನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ. ನೋಯ್ಡಾದ ನಮ್ಮ ಆಫೀಸಿನಲ್ಲಿ ಹೊಸ ಕಂಪ್ಯೂಟರ್ ಚಿಪ್ಪಿಗೆ ಅಸೆಂಬ್ಲರ್ ಬೇಕಾದಾಗ, ಹೊರಗಿನಿಂದ ತರಿಸುವುದು ಬೇಡ, ನಾನೇ ಬರೆಯುತ್ತೇನೆ ಎಂದು ಕೈ ಎತ್ತಿದ್ದೂ ಆ ಹಟದಿಂದಲೇ. ಅಸೆಂಬ್ಲರ್ ಎಂದರೆ ನಾವು ಬರೆದ ಪುಟ್ಟ ಪುಟ್ಟ ಆಜ್ಞೆಗಳನ್ನು ಚಿಪ್ಪಿಗೆ ಅರ್ಥವಾಗುವ ಅಂಕಿಗಳಾಗಿಸಿ, ಒಂದೊಂದಕ್ಕೂ ವಿಳಾಸ ಕೊಟ್ಟು ಕೂರಿಸುವ ಪ್ರೋಗ್ರಾಂ.

ಐದು ತಿಂಗಳು ಬರೆದೆ. ಸಣ್ಣ ಪರೀಕ್ಷೆಗಳೆಲ್ಲ ಪಾಸಾದವು. ದೊಡ್ಡ ಪ್ರೋಗ್ರಾಂ ಕೊಟ್ಟ ದಿನ ಚಿಪ್ಪು ಆಜ್ಞೆ ಇರಬೇಕಾದ ಕಡೆ ಡೇಟಾ ಓದಿ ಕೈಚೆಲ್ಲಿ ಕೂತಿತು. ಮುಂದಿನ ಶುಕ್ರವಾರದೊಳಗೆ ಸರಿಯಾಗದಿದ್ದರೆ ಹೊರಗಿನಿಂದಲೇ ತರಿಸೋಣ, ನೀವು ಟೆಸ್ಟಿಂಗ್ ತಂಡಕ್ಕೆ ಹೋಗಿ ಎಂದು ಮ್ಯಾನೇಜರ್ ಹಿಂದಿಯಲ್ಲಿ ಬಹಳ ಮೆತ್ತಗೆ ಹೇಳಿದರು. ಮೆತ್ತಗೆ ಹೇಳಿದ್ದಕ್ಕೇ ನನಗೆ ಹೆಚ್ಚು ಉರಿಯಿತು.

ತಪ್ಪು ಎಲ್ಲಿದೆ ಎಂದು ಗೊತ್ತಿತ್ತು. ಪ್ರೋಗ್ರಾಂ ಬರೆಯುವವರು ಆಜ್ಞೆ, ನಡುವೆ ಒಂದಿಷ್ಟು ಡೇಟಾ, ಮತ್ತೆ ಆಜ್ಞೆ ಎಂದು ಕಲಸಿಯೇ ಬರೆಯುತ್ತಾರೆ. ನಾನು ಎಲ್ಲವನ್ನೂ ಒಂದೇ ಉದ್ದ ಸಾಲಿನಲ್ಲಿಟ್ಟು, ಬಂದ ತಕ್ಷಣ ವಿಳಾಸ ಬರೆದುಬಿಡುತ್ತಿದ್ದೆ. ಆದರೆ 'ಅಲ್ಲಿಗೆ ಜಿಗಿ' ಎಂಬ ಆಜ್ಞೆ ಹತ್ತಿರಕ್ಕಾದರೆ ಚಿಕ್ಕದು, ದೂರಕ್ಕಾದರೆ ದೊಡ್ಡದು. ಒಂದು ಜಿಗಿತ ಉಬ್ಬಿದರೆ ಅದರ ಮುಂದಿನ ವಿಳಾಸಗಳೆಲ್ಲ ಸುಳ್ಳು. ಒಂದನ್ನು ತಿದ್ದಿದರೆ ಇನ್ನೊಂದು ಹಳೆಯದೇ ಉಳಿಯುತ್ತಿತ್ತು. ಬೇರೆ ಬೇರೆ ಭಾಗಗಳಿಗೆ ಬೇರೆ ಬೇರೆ ಸರಪಳಿ ಕಟ್ಟುವ ಪದ್ಧತಿ ಪುಸ್ತಕಗಳಲ್ಲಿ ಇತ್ತು. ಅದು ಹಳಬರ ಗೋಜಲು ಎಂದು ನಾನೇ ಬದಿಗೆ ತಳ್ಳಿದ್ದೆ.

ದೆಹಲಿಯ ಮುನಿರ್ಕಾದಲ್ಲಿ ನಮ್ಮದೊಂದು ಹೋಟೆಲಿದೆ. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ನಿಂತಿರುತ್ತಾಳೆ. ಒಂದು ಟೇಬಲ್ಲಿನ ಆರ್ಡರು ಬಂದರೆ ಅದನ್ನು ಚೀಟಿಗಳಾಗಿ ಒಡೆದು ಗೋಡೆಯಲ್ಲಿನ ಇಡ್ಲಿಯ ಮೊಳೆಗೆ, ದೋಸೆಯ ಮೊಳೆಗೆ, ವಡೆಯ ಮೊಳೆಗೆ, ಕಾಫಿಯ ಮೊಳೆಗೆ ಚುಚ್ಚುವುದು ಅವಳ ಪದ್ಧತಿ. ಎರಡು ತಿಂಗಳ ಹಿಂದೆ ನಾನು ಇಂಜಿನಿಯರ್ ಗತ್ತಿನಲ್ಲಿ ನಾಲ್ಕೂ ಮೊಳೆ ಕಿತ್ತು, ಒಂದು ಬಿಳಿ ಬೋರ್ಡ್ ತೂಗುಹಾಕಿ, ಎಲ್ಲ ಆರ್ಡರಿಗೂ ಒಂದೇ ಸಾಲಿನ ನಂಬರು, ಪಕ್ಕದಲ್ಲಿ ಸಿಗುವ ಹೊತ್ತು ಬರೆದೆ. ಅರ್ಧ ಗಂಟೆಯಲ್ಲಿ ಮೂರನೇ ಟೇಬಲ್ಲಿನವರು ಇನ್ನೊಂದು ಮಸಾಲೆ ದೋಸೆ ಕೇಳಿದರು. ನಂಬರುಗಳೆಲ್ಲ ತಲೆಕೆಳಗಾಗಿ ಜಗಳಗಳಾದವು. ಮರುದಿನ ಬೋರ್ಡ್ ಹಿತ್ತಲಿನಲ್ಲಿತ್ತು, ಅಮ್ಮ ಮೊಳೆಗಳನ್ನು ಮತ್ತೆ ಗೋಡೆಗೆ ಹೊಡೆದಿದ್ದಳು. ನಾನು ಮುನಿಸಿಕೊಂಡು ಹೋಟೆಲಿಗೆ ಕಾಲಿಡುವುದನ್ನೇ ಬಿಟ್ಟೆ.

ಮ್ಯಾನೇಜರ್ ಗಡುವು ಕೊಟ್ಟ ಶುಕ್ರವಾರದ ಹಿಂದಿನ ಭಾನುವಾರ ಕೆಲಸದವರೊಬ್ಬರು ಬರಲಿಲ್ಲ. ಅಮ್ಮ ಕರೆದಳು, ಹೋದೆ. ಗಿರಾಕಿಯೊಬ್ಬರು ಎಷ್ಟು ಹೊತ್ತು ಎಂದು ಕೇಳಿದರು. ಅಮ್ಮ ದೋಸೆಯ ಮೊಳೆಯನ್ನೊಮ್ಮೆ ನೋಡಿ, "ಬಸ್, ದಸ್ ಮಿನಿಟ್ ಭಯ್ಯಾ" ಎಂದು ಹತ್ತು ನಿಮಿಷದ ಲೆಕ್ಕ ಕೊಟ್ಟಳು.

"ಹೊತ್ತನ್ನು ಮೊದಲೇ ಬರೆದಿಟ್ಟರೆ ಆಗುವುದಿಲ್ವಾ?" ನನ್ನ ಬಾಯಿ ಸುಮ್ಮನಿರಲಿಲ್ಲ.

"ಎಂತ ಬರೆಯೋದು ಮಾರಾಯ್ತಿ? ನಡುವೆ ಇನ್ನೊಂದು ದೋಸೆ ಬಂದ್ರೆ? ಯಾರ ಹಿಂದೆ ಯಾರು ಅಂತ ಗೊತ್ತಿದ್ರೆ ಸಾಕು. ಹೊತ್ತು ಕೊನೆಗೆ ಎಣಿಸಿದ್ರಾಯ್ತು."

ಹೇಳುತ್ತಲೇ, ಆಗಷ್ಟೇ ಒಂದು ಟೇಬಲ್ಲಿನವರು ಕೇಳಿದ ಹೆಚ್ಚುವರಿ ದೋಸೆಯ ಚೀಟಿಯನ್ನು ದೋಸೆಯ ಮೊಳೆಯಲ್ಲಿ ಅವರ ಮೊದಲ ಚೀಟಿಯ ಹಿಂದೆಯೇ ಸೇರಿಸಿದಳು. ಇಡ್ಲಿಯ ಮೊಳೆ ಅಲುಗಲಿಲ್ಲ. ಬಿಳಿ ಬೋರ್ಡಿನ ತಪ್ಪನ್ನೇ ಅಸೆಂಬ್ಲರಿನಲ್ಲೂ ಮಾಡಿದ್ದೆನೆಂದು ಹೊಳೆದು ನನಗೆ ನಿಜಕ್ಕೂ ನಾಚಿಕೆಯಾಯಿತು.

ಸೋಮವಾರ ಐದು ತಿಂಗಳ ಸಾಲನ್ನು ಅಳಿಸಿಹಾಕಿದೆ. ಆಜ್ಞೆಗಳಿಗೊಂದು ಸರಪಳಿ, ಡೇಟಾಕ್ಕೊಂದು. ಸರಪಳಿಯಲ್ಲಿ ತುಂಡುಗಳು. ಜಿಗಿದು ಸೇರಬೇಕಾದ ಜಾಗಕ್ಕೆ ಕೊಟ್ಟ ಹೆಸರಿಗೆ ತಾನು ಯಾವ ತುಂಡಿನಲ್ಲಿ ಎಷ್ಟು ಒಳಗಿದ್ದೇನೆ ಎಂಬುದಷ್ಟೇ ಗೊತ್ತು. ಯಾವ ಜಿಗಿತವೂ ಇನ್ನು ಉಬ್ಬುವುದಿಲ್ಲ ಎನ್ನುವವರೆಗೆ ಅಳೆದು, ಆಮೇಲಷ್ಟೇ ವಿಳಾಸ. ಸಹೋದ್ಯೋಗಿಗಳು ಊಟಕ್ಕೆ ಕರೆದರೂ ತಲೆ ಎತ್ತಲಿಲ್ಲ. ಶುಕ್ರವಾರ ಮಧ್ಯಾಹ್ನದೊಳಗೆ ದೊಡ್ಡ ಪ್ರೋಗ್ರಾಂ ಮೊದಲಿನಿಂದ ಕೊನೆಯವರೆಗೆ ಓಡಿತು. ಮ್ಯಾನೇಜರ್ "ಅಚ್ಛಾ" ಎಂದರು, ಅಷ್ಟೆ. ಅಸೆಂಬ್ಲರ್ ನನ್ನ ಬಳಿಯೇ ಉಳಿಯಿತು.

ಸಂಜೆ ಮೆಟ್ರೊ ಇಳಿದವಳೇ ಹೋಟೆಲಿಗೆ ಹೋದೆ. "ನಿನ್ನ ಮೊಳೆಗಳಿಂದ ನನ್ನ ಕೆಲಸ ಉಳಿಯಿತಮ್ಮಾ."

"ಅಚ್ಛಾ? ಹಾಗಾದ್ರೆ ನನ್ನ ಕಾಫಿ ಮೊಳೆ ಎಲ್ಲಿ?"

ಗೋಡೆ ನೋಡಿದೆ. ಮೂರು ಮೊಳೆ, ಒಂದು ತೂತು. ಕೀಳುವಾಗ ಸೊಟ್ಟಗಾದ ಒಂದನ್ನು ನಾನು ಎಸೆದಿದ್ದು ಆಗ ನೆನಪಾಯಿತು. ಅಮ್ಮನ ಎಡಗೈ ಬೆರಳುಗಳ ನಡುವೆ ಕಾಫಿಯ ಚೀಟಿಗಳಿದ್ದವು. ಎರಡು ತಿಂಗಳಿಂದ ಹಾಗೇ ಹಿಡಿದುಕೊಂಡು ನಿಲ್ಲುತ್ತಿದ್ದಳು. ಭಾನುವಾರವಿಡೀ ಪಕ್ಕದಲ್ಲೇ ನಿಂತು ಮೊಳೆಗಳನ್ನು ನೋಡಿದ ನಾನು ಆ ಕೈಯನ್ನು ನೋಡಿರಲಿಲ್ಲ.

"ಬೇರೆ ಹೊಡೆದುಕೊಳ್ಳಬಾರದಿತ್ತಾ?"

"ಕಿತ್ತವಳೇ ಬಂದು ಹೊಡೀಲಿ ಅಂತ ಬಿಟ್ಟೆ."

ನನ್ನ ಹಟ ಎಲ್ಲಿಂದ ಬಂತೆಂದು ಇನ್ನು ಯಾರೂ ಕೇಳುವುದು ಬೇಡ. ಮೂಲೆಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ ದಪ್ಪ ಮೊಳೆಯೊಂದನ್ನು ತಂದೆ. ಹಳೆಯ ತೂತಿನಿಂದ ನಾಲ್ಕು ಬೆರಳು ಬಿಟ್ಟು, ಗಿರಾಕಿಗಳೆಲ್ಲ ತಿರುಗಿ ನೋಡುವಂತೆ ಹೊಡೆದೆ. ಆಮೇಲೆ ಅಮ್ಮನ ಬೆರಳುಗಳಿಂದ ಚೀಟಿಗಳನ್ನು ಬಿಡಿಸಿಕೊಂಡು, ಬಂದ ಕ್ರಮದಲ್ಲೇ ಒಂದೊಂದಾಗಿ ಅದಕ್ಕೆ ಚುಚ್ಚಿದೆ.