ಎತ್ತು ಮಾರಿ ತಂದ ಕೆಂಪು ಕಾರು

ನಿಮ್ಮ ತಾತನ ಕೆಂಪು ಕಾರಿನ ಕಥೆಯನ್ನು ನೀವೆಲ್ಲ ಕೇಳಿದ್ದೀರಿ. ಮದುವೆ ಮನೆಗಳಲ್ಲಿ ಊಟ ಮುಗಿದ ಮೇಲೆ ಅವರೇ ಹೇಳುತ್ತಿದ್ದರು. ಕಾರು ಹಳ್ಳದಲ್ಲಿ ಕೂತದ್ದು, ಎತ್ತು ಕಟ್ಟಿ ಎಳೆಸಿದ್ದು, ಎಳೆಯುವಾಗಲೂ ತಾವು ಬಿಡದೆ ಹಾರ್ನ್ ಒತ್ತಿದ್ದು. ಕೇಳಿದವರು ನಗುತ್ತಿದ್ದರು. ಈಗ ನಿಮ್ಮಲ್ಲೊಬ್ಬಳು ಕಾರು ಓಡಿಸುವುದನ್ನು ಕಲಿತು, ಮೊದಲ ಕಾರು ಯಾವುದು ಕೊಳ್ಳಲಿ ಎಂದು ಮನೆಯವರನ್ನೆಲ್ಲ ಕೇಳುತ್ತಿದ್ದಾಳೆ. ನನ್ನನ್ನೂ ಕೇಳಿದಳು. ಎದುರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ತವರು ಹುಲಿಕುಂಟೆಯಿಂದ ಆಚೆ ಒಂದು ಸಣ್ಣ ಊರು. ಕೊಟ್ಟ ಮನೆ ಮಧುಗಿರಿಯ ಹತ್ತಿರ, ಕೊರಟಗೆರೆ ರಸ್ತೆಯಲ್ಲಿ. ಮದುವೆಯಲ್ಲಿ ನಮ್ಮಪ್ಪ ನನಗೆ ಬಳುವಳಿಯೆಂದು ಒಂದು ಜೊತೆ ಎತ್ತು, ಒಂದು ಕಮಾನು ಗಾಡಿ ಕೊಟ್ಟಿದ್ದ. ದೂರದ ಊರಿಗೆ ಹೆಣ್ಣು ಕೊಟ್ಟರೆ ನಮ್ಮವರಲ್ಲಿ ಅದು ವಾಡಿಕೆ. ಆ ಎತ್ತು ಉಳುವುದಕ್ಕಲ್ಲ. ಮಗಳು ವರ್ಷಕ್ಕೆರಡು ಸಲ ತಾಯಿಯ ಮುಖ ನೋಡಿ ಹೋಗಬೇಕು, ಗಾಡಿ ಇಲ್ಲ ಎಂಬ ನೆಪ ಯಾರ ಬಾಯಲ್ಲೂ ಬರಬಾರದು, ಅದಕ್ಕೆ. ಕೋಳಿ ಕೂಗುವಾಗ ಹೊರಟರೆ ದೀಪ ಹಚ್ಚುವ ಹೊತ್ತಿಗೆ ತವರು ಸೇರುತ್ತಿದ್ದೆ. ಅಪ್ಪ ತೀರಿಕೊಂಡ ಮೇಲೆ ಅಲ್ಲಿ ಅಣ್ಣ ಅತ್ತಿಗೆ ಇದ್ದರು. ಆದರೆ ನಾನು ಹೋಗುತ್ತಿದ್ದುದು ಅವ್ವನಿಗಾಗಿ.

ನಿಮ್ಮ ತಾತ ಡ್ರೈವಿಂಗ್ ಕಲಿತದ್ದು ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಬಸ್ಸಿನ ಡ್ರೈವರ್ ಸಾಬರಿಂದ. ಸಾಬರು ಶಿರಾದವರು. ಕೈಗೆ ಲೈಸೆನ್ಸ್ ಬಂದದ್ದೇ ತಡ, ಇವರಿಗೆ ಕಾರಿನ ಹುಚ್ಚು ಹಿಡಿಯಿತು. ಹೊಸ ಕಾರು ನಮ್ಮಂಥವರ ಕೈಗೆ ಎಟುಕುವುದಲ್ಲ. ಹಳೆಯವು ಎರಡು ಮಾರಾಟಕ್ಕಿವೆ ಎಂದು ಸಾಬರು ಹುಡುಕಿಕೊಟ್ಟರು. ಒಂದು ಕೊರಟಗೆರೆಯಲ್ಲಿ ರಿಟೈರಾದ ಡಾಕ್ಟರೊಬ್ಬರದು. ಕಪ್ಪು, ಪೆಟ್ಟಿಗೆಯಂತೆ ಎತ್ತರ, ನಾಲ್ಕು ಬಾಗಿಲು. ಇನ್ನೊಂದು ಶಿರಾದ ಶೋಕಿವಾಲ ಒಬ್ಬನದು. ಕೆಂಪು, ತಗ್ಗು, ಎರಡೇ ಸೀಟು, ಮಡಚುವ ಬಟ್ಟೆಯ ಹುಡ್. ಎರಡನ್ನೂ ಒಂದೇ ದಿನ ನಮ್ಮ ಮನೆ ಮುಂದೆ ತಂದು ನಿಲ್ಲಿಸಿದರು.

ಊರಿಗೆ ಊರೇ ಬಂತು. ಕಾರು ಆರಿಸುವುದು ಹೇಗೆಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೋರಿ ಆರಿಸುವುದು ಎಲ್ಲರಿಗೂ ಗೊತ್ತಿತ್ತು. ನಮ್ಮ ಮಾವ ಎರಡನ್ನೂ ಸುತ್ತು ಹಾಕಿ, ಹಿಂಭಾಗ ತಟ್ಟಿ, ದೂರ ನಿಂತು ನೋಡಿ, ಜಗಲಿಗೆ ಬಂದು ಕೂತರು.

"ಕರೀದು ಒಳ್ಳೆ ಬತ್ತಿದ ಎಮ್ಮೆ ಇದ್ದಂಗೈತೆ ಕಣ್ಲಾ. ಇದ್ನ ಹೊಡ್ಕಂಡು ನೆಂಟರ ಮನೆಗೋದ್ರೆ ಯಾರೋ ಸತ್ತವ್ರೆ ಅಂತ ಅಳಾಕ್ ಸುರು ಮಾಡ್ತಾರೆ."

"ಕೆಂಪುದು ನೋಡಣ್ಣ, ಎಂಥಾ ಮೈಕಟ್ಟು! ಹಲ್ಲು ಬಿಡ್ಸಿ ನೋಡ್ಲಾ?" ಎಂದ ಪಕ್ಕದ ಮನೆಯವನು, ಕಾರಿನ ಮುಂದೆ ಕೂತು.

"ಮುಂದ್ಗಡೆ ಕೂರ್ಬ್ಯಾಡ ಕಣಪ್ಪೋ, ಹಾಯ್ದುಬುಟ್ಟಾತು!"

ಸಾಬರು ಮಾತ್ರ ನಗಲಿಲ್ಲ. "ಗೌಡ್ರೇ, ನಿಮ್ದು ಇನ್ನೂ ಹೊಸ ಕೈ. ಕರೀದು ತಗಳ್ಳಿ. ನಿಧಾನ ಹೋಗ್ತೈತೆ, ಆದ್ರೆ ಮಜಬೂತ್. ತಪ್ಪು ಮಾಡಿದ್ರೂ ಮಾಫ್ ಮಾಡ್ತೈತೆ. ಕೆಂಪುದು ಬರೀ ಶೋಕಿಗೆ."

"ನಿಧಾನಕ್ಕೋಗಂಗಿದ್ರೆ ನಂಗೆ ಎತ್ತೇ ಇರ್ಲಿಲ್ವಾ ಸಾಬ್ರೆ?" ಎಂದರು ನಿಮ್ಮ ತಾತ. ಅವರ ಒಂದು ಕೈ ಆಗಲೇ ಕೆಂಪು ಕಾರಿನ ಹಾರ್ನಿನ ಮೇಲಿತ್ತು.

"ಒಳಗೆ ಅಮ್ಮಾವ್ರನ್ನಾದ್ರೂ ಒಂದ್ಮಾತು ಕೇಳಿ. ಕೂತ್ಕಂಡು ಹೋಗೋರು ಅವ್ರಲ್ವಾ?"

ಜನ ಘೊಳ್ಳೆಂದು ನಕ್ಕರು. ಮಾವ, "ನಮ್ಮನೆ ಸೊಸೇರು ಹೋರಿ ಆರ್ಸಾಕೆ ಬರಾಕಿಲ್ಲ ಸಾಬ್ರೆ" ಎಂದರು.

ನಾನು ಬಾಗಿಲ ಹಿಂದೆ ನಿಂತಿದ್ದೆ. ನಮ್ಮ ಹುಂಜ ಕರಿ ಕಾರಿನ ಕೆಳಗೆ ತಲೆ ಎತ್ತಿಕೊಂಡೇ ಆಚೆಗೆ ಹೋಯಿತು. ಕೆಂಪು ಕಾರಿನ ಕೆಳಗೆ ನುಗ್ಗಲು ಕಾಲು ಮಡಿಸಿ ಬಗ್ಗಿತು. ಅದನ್ನು ಕಂಡದ್ದೇ ನನಗೆ ತವರೂರಿನ ಮುಂದಿನ ಹಳ್ಳ ನೆನಪಾಯಿತು. ತಳವೆಲ್ಲ ಮರಳು, ಗಾಡಿ ದಾಟುವ ಜಾಗದಲ್ಲಿ ನಡುವೆ ಒಂದು ಬಂಡೆ ಎದ್ದಿದೆ. ಗಾಡಿಯ ಅಚ್ಚು ಎತ್ತರ, ಬಂಡೆಗೆ ತಗಲುತ್ತಿರಲಿಲ್ಲ. ಕರಿ ಕಾರೂ ದಾಟುತ್ತಿತ್ತೇನೋ. ಕೆಂಪು ಕಾರು ದಾಟುವುದಿಲ್ಲ ಎಂದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಆ ದಾರಿಯಲ್ಲಿ ಅಷ್ಟು ಸಲ ಓಡಾಡಿದವಳು ನಾನೊಬ್ಬಳೇ.

ಮಾವನ ಎದುರು ಬಾಯಿ ತೆರೆಯುವ ಪದ್ಧತಿ ನಮಗಿರಲಿಲ್ಲ. ಅತ್ತೆಯ ಕಿವಿಯಲ್ಲಿ, "ಅತ್ತೆ, ಕೆಂಪುದು ನಮ್ಮೂರ ಹಳ್ಳದಾಗೆ ತಗಲ್ಕಂತೈತೆ" ಎಂದೆ.

"ನಿಮ್ಮೂರ ಹಳ್ಳ ನೋಡ್ಕಂಡು ಕಾರು ತಗಬೇಕೇನೇ? ಸುಮ್ಕೆ ಮುದ್ದೆ ತೊಳ್ಸೋಗು" ಎಂದರು ಅತ್ತೆ.

ಹೋಗಿ ಮುದ್ದೆ ತೊಳಸಿದೆ.

ಕೆಂಪು ಕಾರಿನ ಬೆಲೆಗೆ ದುಡ್ಡು ಸ್ವಲ್ಪ ಸಾಲದೆ ಬಂತು. ನನ್ನ ಎತ್ತುಗಳನ್ನು ಮಾರುವುದೆಂದು ಜಗಲಿಯ ಮೇಲೆಯೇ ತೀರ್ಮಾನವಾಯಿತು. ನಿಮ್ಮ ತಾತ ಅಡುಗೆ ಮನೆಗೆ ಬಂದು ಖುಷಿಯಲ್ಲಿ ಹೇಳಿದರು: "ಎಲ್ಡು ಗಂಟೆ ಕಣೆ! ಬೆಳಿಗ್ಗೆ ಇಲ್ಲಿ ಉಂಡು ಹೊಂಟ್ರೆ ಮಧ್ಯಾನ್ದ ಊಟಕ್ಕೆ ನಿಮ್ಮವ್ವನ ಮನೆ. ಇನ್ನ ಆ ಎತ್ತು ಕಟ್ಕಂಡು ಏನ್ಮಾಡ್ತೀಯಾ?" ಅವರು ಸುಳ್ಳು ಹೇಳಲಿಲ್ಲ. ಹಾಗೆಯೇ ನಂಬಿದ್ದರು. ನಾನು ಆಗಲಾದರೂ ಹಳ್ಳದ ಮಾತು ಎತ್ತಬಹುದಿತ್ತು. ಅವರ ಮುಖದ ಸಂತೋಷ ನೋಡಿ ನಾಲಿಗೆ ಏಳಲಿಲ್ಲ.

ಆ ಕಾರಿನಲ್ಲಿ ನನಗೆ ಸುಖವೇ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಾವ ಜಗಲಿಯಲ್ಲಿ ಕೂತಿರುವಾಗ ಗಂಡನ ಪಕ್ಕ ಕೂತು ಹೋಗುವಂತಿರಲಿಲ್ಲವಾದ್ದರಿಂದ ಊರ ಹೊರಗಿನ ಬೇವಿನ ಮರದವರೆಗೆ ನಡೆದು ಹೋಗಿ ಹತ್ತಿದೆ. ಮಧುಗಿರಿ ಬೆಟ್ಟ ಎದುರಿಗೆ ದೊಡ್ಡದಾಗುತ್ತ ಬಂತು. ಸೆರಗು ತಲೆಯ ಮೇಲೆ ನಿಲ್ಲದೆ ಹಾರಿತು. ಅವರು, "ಹೆಂಗೈತೆ?" ಎಂದು ಕೂಗಿದರು. ನಾನು ನಕ್ಕೆ. ಮದುವೆಯಾದ ಮೇಲೆ ಬಯಲಲ್ಲಿ ಅಷ್ಟು ಗಟ್ಟಿಯಾಗಿ ನಕ್ಕದ್ದು ಅದೊಂದೇ ಸಲ.

ಆದರೆ ಅದು ಹುಲಿಕುಂಟೆ ದಾರಿ ಹಿಡಿಯಲಿಲ್ಲ. ಪಾವಗಡಕ್ಕೆ ಹೋಯಿತು, ಕೊರಟಗೆರೆಗೆ ಹೋಯಿತು, ಸ್ನೇಹಿತರನ್ನು ಕೂರಿಸಿಕೊಂಡು ಶಿರಾಕ್ಕೂ ಹೋಯಿತು. ನಾನು ತವರಿನ ಮಾತೆತ್ತಿದರೆ ಟೈರು ಸರಿಯಿಲ್ಲ, ಪೆಟ್ರೋಲ್ ಸಿಕ್ಕಿಲ್ಲ, ಮಳೆ ನಿಲ್ಲಲಿ. ಎತ್ತು ಇರಲಿಲ್ಲ. ಖಾಲಿ ಗಾಡಿ ಕೊಟ್ಟಿಗೆಯಲ್ಲಿ ನೊಗ ಊರಿ ನಿಂತಿತ್ತು, ಅದರ ಕಮಾನಿನೊಳಗೆ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಒಂದು ವರ್ಷವಿಡೀ ನಾನು ಅವ್ವನನ್ನು ನೋಡಲಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ದಿನ, ತವರಿನ ಆಳೊಬ್ಬ ರಾತ್ರಿಯೆಲ್ಲ ನಡೆದು ಬೆಳಗಿನ ಜಾವಕ್ಕೆ ಬಂದ. "ಅಮ್ಮಯ್ಯ, ನಿಮ್ಮವ್ವ ಗಂಜೀನೂ ನುಂಗ್ತಾ ಇಲ್ಲ. ನಿನ್ನೇ ಕರೀತೈತೆ. ಬಿರ್ರನೆ ಬಂದ್ಬುಡು" ಎಂದ. ಆ ಕ್ಷಣವೇ ಕಾರು ಹೊರಟಿತು. ನಿಮ್ಮ ತಾತ ಅವತ್ತು ತಡ ಮಾಡಲಿಲ್ಲ, ಅದನ್ನು ಹೇಳಲೇಬೇಕು. ಬಿಸಿಲು ಏರುವ ಮೊದಲೇ ಹುಲಿಕುಂಟೆ ದಾಟಿದ್ದೆವು.

ಹಳ್ಳದಲ್ಲಿ ಪಾದ ಮುಳುಗುವಷ್ಟೇ ನೀರಿತ್ತು. "ಬಂಡೆ ಐತೆ" ಎಂದೆ. "ಕಾಣ್ತೈತೆ ಸುಮ್ಕಿರು" ಎಂದು ಅವರು ರಭಸದಲ್ಲಿ ಬಿಟ್ಟರು. ಕೆಳಗೆ ಏನೋ ಸೀಳಿದ ಸದ್ದಾಯಿತು. ಕಾರು ಬಂಡೆಯ ಮೇಲೆ ಹೊಟ್ಟೆ ಊರಿ ಕೂತಿತು, ಹಿಂದಿನ ಚಕ್ರಗಳು ಮರಳನ್ನು ಎರಚಿ ಎರಚಿ ಹೂತವು. ನೀರಿನ ಮೇಲೆ ಎಣ್ಣೆ ಕರ್ರಗೆ ಹರಡಿತು.

ದಾರಿಹೋಕನೊಬ್ಬನನ್ನು ಎತ್ತು ತರಲು ಊರಿಗೆ ಅಟ್ಟಿದರು.

"ನಾನು ನಡ್ಕಂಡೋಗ್ತೀನಿ" ಎಂದೆ.

"ಒಬ್ಳೇ ಹೆಂಗೋಗ್ತೀಯಾ? ಸೀರೆ ಎಲ್ಲಾ ಎಣ್ಣೆ, ಕೆಸ್ರು. ಕಾರಿರೋರ ಮನೆ ಸೊಸೆ ಕಾಲ್ನಡಿಗೇಲಿ ಬಂದ್ಳು ಅಂತ ನಿಮ್ಮೂರೋರು ಆಡ್ಕಂಡ್ ನಗಲ್ವಾ?"

"ನೀವೂ ಬನ್ನಿ."

"ಕಾರು ಯಾರು ನೋಡ್ಕಣಾದು? ಈಗ ಬರ್ತಾವೆ ಎತ್ತು. ಕೂತ್ಕ."

ಕೂತೆ. ನೆರಳು ಕಾಲ ಬುಡಕ್ಕೆ ಬಂತು, ಆಚೆ ಕಡೆಗೆ ತಿರುಗಿತು. ಎತ್ತುಗಳು ಹೊಲದಲ್ಲಿದ್ದವಂತೆ, ನೊಗ ಕಳಚಿ, ನೀರು ಕುಡಿಸಿ, ಹಗ್ಗ ಹುಡುಕಿ ತರುವಷ್ಟರಲ್ಲಿ ಹೊತ್ತು ಇಳಿದಿತ್ತು. ಕಾರು ಮೇಲೆ ಬಂದಾಗ, ಹೊಲದಿಂದ ನೇರ ಬಂದಿದ್ದ ಜನ ಸಿಳ್ಳೆ ಹಾಕಿದರು. ಇವರು ಹಾರ್ನ್ ಒತ್ತಿದರು. ನನ್ನನ್ನು ಒಳಗೆ ಕೂರಿಸಿ, ಎತ್ತುಗಳಿಂದಲೇ ಎಳೆಸಿಕೊಂಡು ಮೆರವಣಿಗೆಯಂತೆ ಊರೊಳಗೆ ಕರೆದುಕೊಂಡು ಹೋದರು.

ಮನೆ ಮುಂದೆ ಹೆಂಗಸರು ಸೇರಿದ್ದರು. ಅತ್ತಿಗೆ ನನ್ನನ್ನು ಹಿಡಿದುಕೊಂಡು, "ಮಧ್ಯಾನ್ದವರ್ಗೂ ಬಾಗ್ಲು ನೋಡ್ತಾನೇ ಇತ್ತು ಕಣಮ್ಮ. ಗಾಡಿ ಸದ್ದು ಬಂತಾ, ಬಂತಾ ಅಂತಿತ್ತು" ಎಂದಳು. ಅವ್ವನಿಗೆ ಕಾರಿನ ವಿಷಯ ಯಾರೂ ಹೇಳಿರಲಿಲ್ಲ. ಎತ್ತು ಮಾರಿದ್ದೂ ಗೊತ್ತಿರಲಿಲ್ಲ.

ಎಣ್ಣೆಯ ತೊಟ್ಟಿ ಒಡೆದಿದೆ, ಶಿರಾದಿಂದ ಮೆಕ್ಯಾನಿಕ್ ಬರಬೇಕು ಎಂದು ನಿಮ್ಮ ತಾತ ಮಾರನೆಯ ದಿನವೇ ಹೊರಟರು. ಅವರು ಕೆಟ್ಟವರಲ್ಲ. ಅವ್ವನ ಕಾಲು ಮುಟ್ಟಿ ಅತ್ತರು. ಆದರೆ ಆ ಕಾರು ಯಾಕಾದರೂ ಕೊಂಡೆನೋ ಎಂದು ಒಂದು ದಿನವೂ ಅನ್ನಲಿಲ್ಲ, ನಾನೂ ಅನ್ನಿಸಲಿಲ್ಲ. ಅವರ ಮೇಲಿನ ಸಿಟ್ಟು ಎಷ್ಟೋ ಸಲ ಬಂದು ಹೋಗಿದೆ. ನನ್ನ ಮೇಲಿನದು ಹೋಗಿಲ್ಲ.

ಮೂರನೆಯ ದಿನ ಅವ್ವನನ್ನು ಮಣ್ಣು ಮಾಡಿದ ಜಾಗದಲ್ಲಿ ಹಾಲು ತುಪ್ಪ ಬಿಟ್ಟ ಮೇಲೆ ಹೆಂಗಸರೆಲ್ಲ ಅದೇ ಹಳ್ಳಕ್ಕೆ ಹೋಗಿ ತಲೆಗೆ ನೀರು ಹಾಕಿಕೊಂಡೆವು. ಒದ್ದೆ ಸೀರೆಯಲ್ಲಿ, ನಾನು ಅವತ್ತು ನಡೆಯದೆ ಕೂತ ದಾರಿಯಲ್ಲೇ, ನಿಧಾನವಾಗಿಯೇ ಹಿಂದಕ್ಕೆ ನಡೆದೆವು. ಮನೆ ಬಂದಾಗ ನನ್ನ ಜಡೆಯಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.